ಹಳ್ಳಕ್ಕೆ ಹುಳಿ ಹಿಂಡುವ ಗಣಿ

ಪರಿಸರ ವಿಜ್ಞಾನದ ಪೇಪರ್‌ನಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ: ಗಣಿಗಾರಿಕೆಯ ದುಷ್ಪರಿಣಾಮಗಳನ್ನು ವಿವರಿಸಿ. ನಾವೂ ಬರೆದಿದ್ದೇವೆ. ಕಾಡು ನಾಶ, ದೂಳು, ಶಬ್ದ, ಕೊನೆಗೆ ‘ಆಮ್ಲೀಯ ನೀರು’ ಅಂತ ಒಂದು ಪಾಯಿಂಟ್. ಅಂಕ ಬಂದಿತ್ತು. ಆದ್ರೆ ಆ ಕೊನೆಯ ಪಾಯಿಂಟ್ ಅಂದ್ರೆ ಏನು ಅನ್ನೋದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದು ಬಯಲಾದದ್ದು ತಗಡೂರಿನ ಗೆಳೆಯನಿಂದ.

ತಗಡೂರು ಅಂದ್ರೆ ನಂಜನಗೂಡು ಮತ್ತು ತಿ. ನರಸೀಪುರದ ಸೀಮೆಯ ಊರು. ಅವನು ಊರಿಗೆ ಹೋಗಿ ಬರುವಾಗ ಮೈಸೂರು ರಸ್ತೆಯ ಕಡಕೊಳದ ಹತ್ತಿರದಿಂದ ಒಂದು ಬಿಳಿ ಕಲ್ಲು ತಂದಿದ್ದ. ಆ ಕಡೆ ಹಿಂದೆ ಮ್ಯಾಗ್ನಸೈಟ್ ತೆಗೆಯುತ್ತಿದ್ದರು. ಸಿಂಧುವಳ್ಳಿ ಕಡೆ ಕ್ರೋಮೈಟ್ ಅದಿರೂ ಇದೆ. ಹಾಸ್ಟೆಲ್ ಮೆಸ್‌ನಲ್ಲಿ ತಟ್ಟೆ ಪಕ್ಕ ಕಲ್ಲಿಟ್ಟು ಕೇಳಿದ: “ಹಳೇ ಗಣಿ ಇದ್ದ ಕಡೆ ನೀರೆಲ್ಲ ಆಸಿಡ್ ಆಗತ್ತೆ ಅಂತ ಬರೆದ್ವಲ್ಲ, ಹಂಗಾದ್ರೆ ನಮ್ಮೂರ ಕಡೆ ಬೋರ್ ನೀರಿನ ಕಥೆ ಏನ್ರೋ?”

ಯಾರೂ ಉತ್ತರ ಕೊಡಲಿಲ್ಲ. ಒಬ್ಬ ‘ಆಗ್ಬಹುದು’ ಅಂದ, ಇನ್ನೊಬ್ಬ ‘ಆಗಲ್ಲ ಬಿಡು’ ಅಂದ. ಇಬ್ಬರಿಗೂ ಕಾರಣ ಗೊತ್ತಿರಲಿಲ್ಲ. ಮುಂದಿನ ಮೂರು ವಾರ ನಾವು ಓದಿದ್ದು, ಬಾಟಲಿ ಇಟ್ಟುಕೊಂಡು ಪರದಾಡಿದ್ದು, ಸೀನಿಯರ್‌ಗಳ ಹತ್ತಿರ ಬೈಸಿಕೊಂಡದ್ದು ಎಲ್ಲ ಸೇರಿ ಈ ಬರಹ.

ಗಣಿ ನೀರಿಗೆ ಯಾರೂ ಆಮ್ಲ ಸುರಿಯಬೇಕಾಗಿಲ್ಲ. ಅದನ್ನು ಕಲ್ಲೇ ತಯಾರಿಸುತ್ತೆ. ಆದರೆ ಎಲ್ಲ ಕಲ್ಲೂ ಅಲ್ಲ. ಗಂಧಕ ಇರುವ ಕಲ್ಲು ಮಾತ್ರ. ಅದರಲ್ಲಿ ಮುಖ್ಯವಾದದ್ದು ಪೈರೈಟ್. ಹಿತ್ತಾಳೆ ಥರ ಹೊಳೆಯುತ್ತೆ, ಚಿನ್ನ ಅಂತ ಮೋಸ ಹೋದವರು ಲೋಕದ ತುಂಬ ಇದ್ದಾರೆ. ಒಂದು ಕಬ್ಬಿಣದ ಪರಮಾಣುವಿಗೆ ಎರಡು ಗಂಧಕದ ಪರಮಾಣು. ನೆಲದಾಳದಲ್ಲಿ ಗಾಳಿ ತಾಗದ ಜಾಗದಲ್ಲಿ ಇದು ಕೋಟ್ಯಂತರ ವರ್ಷ ಸುಮ್ಮನೆ ಕೂತಿರುತ್ತೆ. ನಾವು ಸುರಂಗ ಕೊರೆದು, ಬಂಡೆ ಒಡೆದು, ಅದಿರು ತೆಗೆದುಕೊಂಡು, ಉಳಿದದ್ದನ್ನು ಪುಡಿ ಮಾಡಿ ಹೊರಗೆ ಗುಡ್ಡೆ ಹಾಕ್ತೀವಿ. ಗಾಳಿ ಸಿಕ್ತು, ಮಳೆ ನೀರು ಸಿಕ್ತು, ಪುಡಿಯಾದ್ದರಿಂದ ಮೇಲ್ಮೈ ಸಾವಿರಾರು ಪಟ್ಟು ಹೆಚ್ಚಾಯ್ತು. ಗಂಧಕ ಗಂಧಕಾಮ್ಲವಾಗುತ್ತೆ, ಕಬ್ಬಿಣ ಕರಗಿ ನೀರಿಗೆ ಬರುತ್ತೆ. ಮುಂದೆ ಆ ಕಬ್ಬಿಣ ಇನ್ನಷ್ಟು ಆಮ್ಲಜನಕ ಹಿಡಿದು ತುಕ್ಕಾಗಿ ತಳಕ್ಕಿಳಿಯುವಾಗ ಮತ್ತೆ ಆಮ್ಲ ಬಿಡುತ್ತೆ. ಲೆಕ್ಕ ಹಾಕಿ ನೋಡಿದ್ವಿ: 120 ಗ್ರಾಂ ಪೈರೈಟ್ ಪೂರ್ತಿ ಕೊಳೆತರೆ 196 ಗ್ರಾಂ ಗಂಧಕಾಮ್ಲಕ್ಕೆ ಸಮ. ಕಲ್ಲಿನ ತೂಕಕ್ಕಿಂತ ಆಮ್ಲದ ತೂಕವೇ ಜಾಸ್ತಿ! ಮೊದಲು ನಂಬಲಿಲ್ಲ. ಆಮೇಲೆ ನೆನಪಾಯ್ತು, ಗಾಳಿಯ ಆಮ್ಲಜನಕ ಮತ್ತು ನೀರು ಕೂಡ ಆ ತೂಕದಲ್ಲಿ ಸೇರಿವೆ.

ಇಷ್ಟು ಓದಿದ ಮೇಲೆ ಕಣ್ಣಾರೆ ನೋಡೋಣ ಅನ್ನಿಸಿತು. ಪೈರೈಟ್ ಎಲ್ಲಿಂದ ತರೋದು? ಅದು ಕರಗಿದ ಮೇಲೆ ನೀರಿಗೆ ಬರುವ ಕಬ್ಬಿಣದ ಸಲ್ಫೇಟ್ ಬೇರೇನೂ ಅಲ್ಲ, ನಮ್ಮ ಗೊಬ್ಬರದ ಅಂಗಡಿಯ ಅನ್ನಭೇದಿ. ನೂರು ಗ್ರಾಂ ತಂದು ಎರಡು ನೀರಿನ ಬಾಟಲಿಯಲ್ಲಿ ಒಂದೊಂದು ಚಮಚ ಕರಗಿಸಿದ್ವಿ. ಒಂದಕ್ಕೆ ಎಲೆಅಡಿಕೆ ಅಂಗಡಿಯ ಸುಣ್ಣ ಕಡಲೆ ಗಾತ್ರದಷ್ಟು ಹಾಕಿದ್ವಿ, ಇನ್ನೊಂದನ್ನು ಹಾಗೇ ಬಿಟ್ವಿ. ನಮ್ಮ ಊಹೆ ಏನಂದ್ರೆ, ಸುಣ್ಣ ಇಲ್ಲದ ಬಾಟಲಿ ಕೆಂಪಾಗಿ ಕೆಡುತ್ತೆ, ಸುಣ್ಣ ಹಾಕಿದ್ದು ಚೆನ್ನಾಗಿರುತ್ತೆ. ಆದದ್ದು ಉಲ್ಟಾ. ಸುಣ್ಣದ ಬಾಟಲಿ ನೋಡನೋಡುತ್ತಲೇ ಕೊಳಕು ಹಸಿರಾಗಿ, ಮರುದಿನ ಬೆಳಗ್ಗೆಗೆ ತುಕ್ಕಿನ ಕೆಸರಾಗಿತ್ತು. ಸುಣ್ಣ ಇಲ್ಲದ್ದು ಒಂದು ವಾರವಾದರೂ ತಿಳಿಯಾಗೇ ಇತ್ತು, ಸ್ವಲ್ಪ ಹಳದಿ ಛಾಯೆ ಅಷ್ಟೆ. ರೂಮ್‌ಮೇಟ್ ಒಬ್ಬ ಅದನ್ನು ಜ್ಯೂಸ್ ಅಂದುಕೊಂಡು ಮುಚ್ಚಳ ತೆಗೆದಿದ್ದ, ಕುಡಿಯಲಿಲ್ಲ ಪುಣ್ಯ.

ಪ್ರಯೋಗ ಕೆಟ್ಟಿತು ಅಂದುಕೊಂಡ್ವಿ. ಆದರೆ ಇಡೀ ವಿಷಯದ ಎರಡು ಮುಖ್ಯ ಸಂಗತಿ ತಿಳಿದದ್ದು ಆ ಕೆಟ್ಟ ಪ್ರಯೋಗದಿಂದಲೇ.

ಮೊದಲನೆಯದು: ಹುಳಿ ನೀರಿನಲ್ಲಿ ಕಬ್ಬಿಣ ತಾನಾಗಿ ತುಕ್ಕಾಗುವುದು ತೀರಾ ನಿಧಾನ. ಪಿಎಚ್ 3ರ ಹತ್ತಿರ ಅರ್ಧದಷ್ಟು ಕಬ್ಬಿಣ ಬದಲಾಗಲು ವರ್ಷಗಳೇ ಬೇಕು. ಹಾಗಿದ್ದರೆ ಗಣಿಯಲ್ಲಿ ಅಷ್ಟು ಬೇಗ ಆಮ್ಲ ಆಗೋದು ಹೇಗೆ? ಬ್ಯಾಕ್ಟೀರಿಯಾದಿಂದ. ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡನ್ಸ್ ಅನ್ನೋ ಉದ್ದ ಹೆಸರಿನ ಒಂದು ಜೀವಿ. ಅದಕ್ಕೆ ಊಟವೇ ಕಬ್ಬಿಣ ಮತ್ತು ಗಂಧಕ, ಹುಳಿ ನೀರೇ ಮನೆ. ಇದು ಸೇರಿದರೆ ಈ ಕ್ರಿಯೆ ಸುಮಾರು ಹತ್ತು ಲಕ್ಷ ಪಟ್ಟು ಚುರುಕಾಗುತ್ತೆ ಅಂತ 1970ರಲ್ಲೇ ಅಮೆರಿಕದ ಸಿಂಗರ್ ಮತ್ತು ಸ್ಟಮ್ ತೋರಿಸಿದ್ದರು. ಹಾಗೆ ಹುಟ್ಟಿದ ಕಬ್ಬಿಣ ಗಾಳಿಯ ಸಹಾಯವೂ ಬೇಡ ಅಂತ ಮತ್ತೆ ಪೈರೈಟ್ ಮೇಲೇ ಬೀಳುತ್ತೆ, ಇನ್ನಷ್ಟು ಆಮ್ಲ ಬರುತ್ತೆ. ಚಕ್ರ ಒಮ್ಮೆ ತಿರುಗಲು ಶುರುವಾದರೆ ಗಣಿ ನಡೀತಿದೆಯೋ ಬೀಗ ಹಾಕಿದ್ದಾರೋ ಅನ್ನೋದು ಅದಕ್ಕೆ ಸಂಬಂಧವೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಅವರ ತಂಡ ಇದೇ ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದೆ. ಹಳ್ಳ ಕೆಡಿಸುವ ಜೀವಿಯನ್ನೇ ಟ್ಯಾಂಕಿನಲ್ಲಿ ಸಾಕಿ, ಗಂಧಕದ ಅದಿರಿನೊಳಗೆ ಸಿಕ್ಕಿಕೊಂಡ ಚಿನ್ನ ಬಿಡಿಸಲು ಬಳಸಬಹುದು. ಮೆಟಲರ್ಜಿ ಓದುವವರು ಈ ಭಾಗ ಹುಡುಕಿ ಓದಿ, ಮಜಾ ಇದೆ.

ಎರಡನೆಯದು: ತಿಳಿ ನೀರನ್ನು ನಂಬಬೇಡಿ, ಕೆಂಪು ನೀರನ್ನು ಕಂಡ ತಕ್ಷಣ ಹೆದರಲೂಬೇಡಿ. ನಮ್ಮ ತಿಳಿ ಬಾಟಲಿಯಲ್ಲಿ ಕಬ್ಬಿಣ ಪೂರ್ತಿ ಕರಗಿಕೊಂಡೇ ಇತ್ತು. ಅದು ಮುಂದೆಂದೋ ತುಕ್ಕಾದಾಗ ಬಿಡಬೇಕಾದ ಆಮ್ಲ ಸಾಲದ ಬಾಕಿಯಂತೆ ಒಳಗೇ ಇತ್ತು. ಗಣಿ ಬಾಯಿಯಲ್ಲಿ ಪಿಎಚ್ 6 ತೋರಿಸಿದ ನೀರು ಒಂದೆರಡು ಕಿಲೋಮೀಟರ್ ಹರಿದು ಗಾಳಿ ಕುಡಿದ ಮೇಲೆ 3ಕ್ಕೆ ಇಳಿಯುವುದು ಹೀಗೇ. ಸಿವಿಲ್ ಲ್ಯಾಬ್‌ನಲ್ಲಿ ಪಿಎಚ್ ಒಂದನ್ನೇ ಅಳೆದು ‘ನೀರು ಓಕೆ’ ಅಂತ ಬರೆಯುವ ಅಭ್ಯಾಸ ಇದೆಯಲ್ಲ, ಇಲ್ಲಿ ಅದು ನಡೆಯಲ್ಲ. ಒಟ್ಟು ಆಮ್ಲೀಯತೆಯನ್ನು ಟೈಟ್ರೇಶನ್ ಮಾಡಬೇಕು, ಸಲ್ಫೇಟ್ ನೋಡಬೇಕು. ಆಮ್ಲವನ್ನು ಸುಣ್ಣ ಕೊಂದರೂ ಸಲ್ಫೇಟಿನ ಬಹುಪಾಲು ನೀರಿನಲ್ಲೇ ಉಳಿಯುತ್ತೆ. ಹಳ್ಳದಲ್ಲಿ ಏನು ನಡೆದಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಕೆಂಪು ನೀರಿನ ವಿಷಯಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕುದುರೆಮುಖದಲ್ಲಿ ಗಣಿ ನಡೆಯುವಾಗ ಮಳೆಗಾಲದಲ್ಲಿ ಭದ್ರೆಗೆ ಹೂಳು ಸೇರುತ್ತಿತ್ತು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಹೂಳಿನಿಂದ ಆದ ಹಾನಿ ಸಣ್ಣದಲ್ಲ, ಆದರೆ ಅದು ಆಮ್ಲದ ಹಾನಿ ಅಲ್ಲ. ಅಲ್ಲಿಯ ಅದಿರು ಮ್ಯಾಗ್ನಟೈಟ್, ಅಂದರೆ ಕಬ್ಬಿಣ ಆಗಲೇ ಆಮ್ಲಜನಕದ ಜೊತೆ ಇದೆ. ಬಳ್ಳಾರಿ ಸಂಡೂರಿನ ಹೆಮಟೈಟ್ ಕೂಡ ಹಾಗೇ. ಬಣ್ಣ ಒಂದೇ ಥರ ಕಂಡರೂ ರೋಗ ಬೇರೆ, ಔಷಧಿಯೂ ಬೇರೆ.

ಹಾಗಾದರೆ ಗಂಧಕದ ಅದಿರು ನಮ್ಮಲ್ಲಿ ಎಲ್ಲಿದೆ? ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ. ಕೋಟೆ ನೋಡಲು ಹೋದವರಲ್ಲಿ ಎಷ್ಟು ಜನರಿಗೆ ಗೊತ್ತೋ, ಅಲ್ಲಿ ನೆಲದಡಿಯ ತಾಮ್ರದ ಗಣಿ ಇತ್ತು. ಚಿತ್ರದುರ್ಗ ಕಾಪರ್ ಕಂಪನಿ ಶುರುಮಾಡಿತ್ತು, ಆಮೇಲೆ ಹಟ್ಟಿ ಚಿನ್ನದ ಗಣಿ ಕಂಪನಿಯ ಕೈಗೆ ಬಂತು, ಈಗ ತಾಮ್ರ ತೆಗೆಯುವುದು ನಿಂತಿದೆ. ತಾಮ್ರದ ಅದಿರಾದ ಚಾಲ್ಕೋಪೈರೈಟ್ ಜೊತೆಗೆ ಪೈರೈಟ್, ಪಿರೋಟೈಟ್ ಎಲ್ಲ ಅಲ್ಲಿಯ ಬಂಡೆಯಲ್ಲಿವೆ. ಇಂಥ ಕಲ್ಲು ಹುಳಿಯಾದರೆ ಬರೀ ಆಮ್ಲ ಬರಲ್ಲ, ತಾಮ್ರವೂ ಕರಗಿ ಬರುತ್ತೆ. ಮೈಲುತುತ್ತ ಸಿಂಪಡಿಸುವ ರೈತರಿಗೆ ಗೊತ್ತು, ಶಿಲೀಂಧ್ರ ಸಾಯಲು ತಾಮ್ರ ಎಷ್ಟು ಕಡಿಮೆ ಸಾಕು ಅಂತ. ಮೀನಿಗೆ ಅದಕ್ಕಿಂತಲೂ ಬಹಳ ಕಡಿಮೆ ಸಾಕು.

ಚಿತ್ರದುರ್ಗದಂಥ ಒಣ ಸೀಮೆಯಲ್ಲಿ ಇನ್ನೊಂದು ತೊಡಕು ಇದೆ. ಅಲ್ಲಿ ಹಳ್ಳ ವರ್ಷಪೂರ್ತಿ ಹರಿಯಲ್ಲ. ಬೇಸಿಗೆಯಲ್ಲಿ ಗಂಧಕದ ಕಲ್ಲಿನ ಗುಡ್ಡೆಯೊಳಗಿನ ತೇವ ಮೇಲೆ ಬಂದು ಒಣಗಿದರೆ ಹಳದಿ, ಬಿಳಿ, ಹಸಿರು ಉಪ್ಪು ಪೊರೆಗಟ್ಟುತ್ತೆ. ಗೋಡೆಗೆ ಉಪ್ಪು ಹೂ ಬಿಟ್ಟಂತೆ. ಅದು ಗಟ್ಟಿ ರೂಪದ ಆಮ್ಲ, ಲೋಹ ಎರಡೂ. ನಾಲ್ಕೈದು ತಿಂಗಳು ಕೂಡಿಟ್ಟದ್ದು ಮೊದಲ ಮುಂಗಾರು ಮಳೆಗೆ ಒಂದೇ ಏಟಿಗೆ ಕರಗಿ ಹಳ್ಳಕ್ಕೆ ಇಳಿಯುತ್ತೆ. ಆಗಸ್ಟ್‌ನಲ್ಲಿ ಹೋಗಿ ಸ್ಯಾಂಪಲ್ ತೆಗೆದರೆ ನೀರು ಚೆನ್ನಾಗೇ ಕಾಣಬಹುದು. ಕೆಟ್ಟ ದಿನ ಜೂನ್‌ನಲ್ಲೇ ಕಳೆದುಹೋಗಿರುತ್ತೆ. ವರ್ಷಕ್ಕೆ ಎರಡು ಸಲ ನೀರು ತುಂಬಿಕೊಂಡು ಬಂದು ಸರಾಸರಿ ತೆಗೆಯುವ ವರದಿಗಳಲ್ಲಿ ನಮಗೆ ನಂಬಿಕೆ ಕಡಿಮೆಯಾದದ್ದು ಇದನ್ನು ಓದಿದ ಮೇಲೆ.

ಕೋಲಾರದ ಕೆಜಿಎಫ್ ಕಥೆ ಇನ್ನೂ ದೊಡ್ಡದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದು ತೆಗೆದ ಕಲ್ಲಿನ ಪುಡಿ ಊರ ಪಕ್ಕದಲ್ಲೇ ಇದೆ. 3 ಕೋಟಿ ಟನ್ನಿಗೂ ಮೇಲೆ. ಜನ ಕರೆಯುವುದು ಸೈನೈಡ್ ಗುಡ್ಡ ಅಂತ, ಯಾಕಂದ್ರೆ ಚಿನ್ನ ಬಿಡಿಸಿದ್ದು ಸೈನೈಡ್‌ನಿಂದ. ಸಿನಿಮಾ ಹಾಡುಗಳಲ್ಲಿ ನೋಡಿರ್ತೀರಿ. ಹೆಸರು ಸೈನೈಡ್‌ನದ್ದಾದ್ದರಿಂದ ಎಲ್ಲರ ಭಯವೂ ಸೈನೈಡ್ ಮೇಲೇ. ಆದರೆ ಬಿಸಿಲಿಗೆ ಬಿದ್ದ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತೆ. ಪೈರೈಟ್ ಹಾಗಲ್ಲ, ಅದು ಕಾಲಕ್ರಮೇಣವೇ ಕೆಲಸ ಶುರುಮಾಡೋದು. ಭಾರತೀಯ ವಿಜ್ಞಾನ ಸಂಸ್ಥೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಗುಡ್ಡಗಳನ್ನು ಸೈನೈಡ್ ಮತ್ತು ಆಮ್ಲ ಹರಿವು ಎರಡರ ದೃಷ್ಟಿಯಿಂದಲೂ ಪರೀಕ್ಷಿಸಿತು. ಗಣಿ ಮುಚ್ಚಿ ಐದು ವರ್ಷವಾದ ಮೇಲೆ, ಗಮನಿಸಿ.

ಈಗ ಹಳ್ಳದ ಜೊತೆ ಕೆಳಗೆ ಹೋಗೋಣ. ಹುಳಿ ನೀರು ಒಳ್ಳೆ ನೀರಿಗೆ ಸೇರಿದ ಜಾಗದಲ್ಲಿ ಆಗುವುದೇ ನಮ್ಮ ಸುಣ್ಣದ ಬಾಟಲಿಯಲ್ಲಿ ಆದದ್ದು. ಪಿಎಚ್ ಏರುತ್ತಿದ್ದಂತೆ ಒಂದೊಂದೇ ಲೋಹ ಕಳಚಿ ತಳಕ್ಕೆ ಕೂರುತ್ತೆ. ಪಿಎಚ್ ಮೂರೂವರೆ ದಾಟಿದರೆ ಕಬ್ಬಿಣ, ಕಿತ್ತಳೆ ಬಣ್ಣದ ಲೋಳೆಯಾಗಿ. 5ರ ಹತ್ತಿರ ಅಲ್ಯೂಮಿನಿಯಮ್, ಗಂಜಿ ತಿಳಿಯಂತೆ ಬೆಳ್ಳಗೆ. ತಾಮ್ರ ಇನ್ನೂ ಮುಂದೆ. ಸತು, ಮ್ಯಾಂಗನೀಸ್ ಬಹಳ ದೂರ ಹೋಗುತ್ತವೆ. ಈ ಲೋಳೆ ಹಳ್ಳದ ತಳದ ಕಲ್ಲುಗಳ ಸಂದುಗೊಂದೆಲ್ಲ ತುಂಬಿ ಸಿಮೆಂಟ್ ಮಾಡಿದಂತೆ ಮುಚ್ಚುತ್ತೆ. ಕಲ್ಲಿನಡಿ ಬದುಕುವ ಹುಳಗಳು ಮೊದಲು ಹೋಗುತ್ತವೆ, ಅವನ್ನು ತಿನ್ನುವ ಮೀನು ಆಮೇಲೆ. ಪಿಎಚ್ ಕೊಂದಿಲ್ಲದ ಮೀನನ್ನೂ ಅಲ್ಯೂಮಿನಿಯಮ್ ಕೊಲ್ಲಬಹುದು, ಕಿವಿರಿನ ಮೇಲೆ ಕೂತು ಉಸಿರುಗಟ್ಟಿಸಿ. ಹಾಗಾಗಿ ನೀರು ಸುಧಾರಿಸುತ್ತಿರುವ ಜಾಗವೇ ಕೆಲವೊಮ್ಮೆ ಮೀನಿಗೆ ಅತಿ ಕೆಟ್ಟ ಜಾಗ.

‘ಮೀನು ತಾನೆ’ ಅನ್ನುವ ಮೆಕ್ಯಾನಿಕಲ್ ಗೆಳೆಯರಿಗೆ ಕೋಪಿಲಿ ಉದಾಹರಣೆ. ಅಸ್ಸಾಮಿನ ಈ ಜಲವಿದ್ಯುತ್ ಯೋಜನೆಯ ನೀರು ಮೇಘಾಲಯದ ಕಡೆಯಿಂದ ಬರುತ್ತೆ. ಅಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು, ಇಲಿಬಿಲದಂಥ ಕಿರುಗಣಿಗಳಿಂದ ಬಸಿದ ಹುಳಿ ನೀರು ನದಿ ಸೇರಿ ಟರ್ಬೈನಿನ ನೀರಿನಲ್ಲಿ ಮುಳುಗಿದ ಭಾಗಗಳನ್ನೇ ತಿಂದುಹಾಕಿತು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಬಗೆಯ ಗಣಿಗಾರಿಕೆಯನ್ನು ನಿಷೇಧಿಸಿತು. ನಿಷೇಧಕ್ಕೆ ಬ್ಯಾಕ್ಟೀರಿಯಾ ಬಗ್ಗಲ್ಲ, ತೆರೆದ ಬಿಲಗಳು ಈಗಲೂ ತೆರೆದೇ ಇದ್ದರೆ ನೀರು ಬಸಿಯುತ್ತಲೇ ಇರುತ್ತೆ. ಸ್ಪೇನಿನ ರಿಯೋ ಟಿಂಟೋ ನದಿ ಸಾವಿರಾರು ವರ್ಷಗಳ ಗಣಿಗಾರಿಕೆ ಕಂಡದ್ದು, ಇವತ್ತಿಗೂ ಪಿಎಚ್ 2ರ ಆಸುಪಾಸು. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯೊಳಗೆ ಮೈನಸ್ 3.6 ಅಳೆದಿದ್ದಾರೆ. ಪಿಎಚ್ ಸೊನ್ನೆಗಿಂತ ಕೆಳಗೆ ಹೋಗಲ್ಲ ಅಂತ ಪಿಯುಸಿಯಲ್ಲಿ ಉರು ಹೊಡೆದಿದ್ವಿ, ಅದೂ ಹೋಯ್ತು.

ಸರಿ, ತಗಡೂರಿನ ಬಿಳಿ ಕಲ್ಲಿಗೆ ಬರೋಣ. ಒಂದು ಜಾಗದ ಕಲ್ಲು ಹಳ್ಳಕ್ಕೆ ಹುಳಿ ಹಿಂಡುತ್ತೋ ಇಲ್ಲವೋ ಅನ್ನೋದು ಜಮಾ ಖರ್ಚಿನ ಲೆಕ್ಕ. ಖರ್ಚಿನ ಕಡೆ ಗಂಧಕ, ಜಮಾ ಕಡೆ ಸುಣ್ಣದಂಥ ಕಾರ್ಬೊನೇಟು. ಒಂದು ಟನ್ ಕಲ್ಲಿನಲ್ಲಿ ಶೇ. 1 ಗಂಧಕ ಇದ್ದರೆ ಅದರ ಆಮ್ಲ ಕೊಲ್ಲಲು 31.25 ಕೆಜಿ ಸುಣ್ಣಕಲ್ಲು ಬೇಕು. ಗಣಿ ಎಂಜಿನಿಯರುಗಳು ನಿಜವಾಗಿ ಬಳಸುವ ಸಂಖ್ಯೆ ಇದು. ಒಂದು ಲಕ್ಷ ಟನ್ ಗುಡ್ಡೆ, ಶೇ. 2 ಗಂಧಕ ಅಂತ ಇಟ್ಟುಕೊಳ್ಳಿ. 6,250 ಟನ್ ಸುಣ್ಣಕಲ್ಲು, ಹತ್ತು ಟನ್ ಲಾರಿಯಾದರೆ 625 ಲೋಡು. ಮೊದಲೇ ಗೊತ್ತಿದ್ದರೆ ಗುಡ್ಡೆ ಹಾಕುವಾಗಲೇ ಪದರ ಪದರವಾಗಿ ಬೆರೆಸಬಹುದು. ಆಮೇಲೆ ಮೇಲಿನಿಂದ ಸುರಿದರೆ ಸುಣ್ಣಕಲ್ಲಿಗೆ ತುಕ್ಕಿನ ಕವಚ ಕಟ್ಟಿಕೊಂಡು ಒಳಗಿನದು ಕೆಲಸಕ್ಕೇ ಬರಲ್ಲ.

ಕಡಕೊಳದ ಕಲ್ಲು ಮ್ಯಾಗ್ನಸೈಟ್, ಅಂದರೆ ಮೆಗ್ನೀಸಿಯಮ್ ಕಾರ್ಬೊನೇಟ್. ಅದೇ ಜಮಾ ಕಡೆಯದ್ದು! ಲೆಕ್ಕದ ಪ್ರಕಾರ 31.25 ಕೆಜಿ ಸುಣ್ಣಕಲ್ಲಿನ ಕೆಲಸಕ್ಕೆ ಇದು 26 ಕೆಜಿ ಚಿಲ್ಲರೆ ಸಾಕು. ಖುಷಿಯಾಗಿ ಒಂದು ಚೂರನ್ನು ವಿನಿಗರ್‌ಗೆ ಹಾಕಿದ್ವಿ. ಏನೂ ಆಗಲಿಲ್ಲ. ಮೊಟ್ಟೆ ಸಿಪ್ಪೆ ಹಾಕಿದರೆ ಬುಸುಗುಡುತ್ತೆ, ಇದು ಸುಮ್ಮನೆ ಕೂತಿತ್ತು. ಮ್ಯಾಗ್ನಸೈಟ್ ತಣ್ಣನೆ ಆಮ್ಲದಲ್ಲಿ ಕರಗುವುದು ಬಹಳ ನಿಧಾನ. ಖಾತೆಯಲ್ಲಿ ದುಡ್ಡಿದೆ, ಎಟಿಎಂ ಕೊಡ್ತಾ ಇಲ್ಲ ಅನ್ನೋ ಸ್ಥಿತಿ. ಆದರೂ ಆ ಭಾಗದ ಡ್ಯೂನೈಟ್ ಮತ್ತು ಮ್ಯಾಗ್ನಸೈಟ್ ಪ್ರತ್ಯಾಮ್ಲದ ಕಡೆಯ ಕಲ್ಲುಗಳು, ಅವನ್ನು ಅಗೆದದ್ದು ಗಂಧಕದ ಅದಿರಿಗಾಗಿಯೂ ಅಲ್ಲ. ಕಪಿಲೆಗೆ ಅವುಗಳಿಂದ ಹುಳಿ ಬರುವ ಕಾರಣ ಕಾಣಲಿಲ್ಲ.

ಗೆಳೆಯನಿಗೆ ಹೀಗೆ ಹೇಳಿ ಮುಗಿಸಿದ್ದರೆ ನಾವೂ ಐದು ಅಂಕದ ಉತ್ತರ ಬರೆದಂತೆಯೇ ಆಗ್ತಿತ್ತು. ಯಾಕಂದ್ರೆ ಇಂಥ ಕಲ್ಲಿಗೆ ಅದರದ್ದೇ ಬೇರೆ ಚಿಂತೆ ಇದೆ. ಕ್ರೋಮೈಟ್‌ನಲ್ಲಿರುವ ಕ್ರೋಮಿಯಮ್ ಸಾಮಾನ್ಯವಾಗಿ ನೀರಿಗೆ ಬರಲ್ಲ. ಆದರೆ ಮ್ಯಾಂಗನೀಸ್ ಆಕ್ಸೈಡ್ ಜೊತೆ ಸೇರಿದರೆ ಒಂದಿಷ್ಟು ಬದಲಾಗಿ ಕರಗುವ, ವಿಷದ ರೂಪಕ್ಕೆ ಬರಬಹುದು, ಮತ್ತು ಅದು ನೀರಿನಲ್ಲಿ ಸಲೀಸಾಗಿ ಓಡಾಡುವುದು ಪ್ರತ್ಯಾಮ್ಲದ ನೀರಿನಲ್ಲೇ. ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳು ಹೆಸರು ಕೆಡಿಸಿಕೊಂಡದ್ದು ಇದರಿಂದಲೇ. ಕುಡಿಯುವ ನೀರಿಗೆ ನಮ್ಮ ಮಾನದಂಡ ಲೀಟರಿಗೆ 0.05 ಮಿಲಿಗ್ರಾಂ. ಕಣ್ಣಿಗೂ ಕಾಣಲ್ಲ, ನಾಲಿಗೆಗೂ ಗೊತ್ತಾಗಲ್ಲ.

ಮತ್ತೆ ಆಮ್ಲಕ್ಕೆ ಬಂದರೆ, ಕೆಟ್ಟ ಹಳ್ಳಕ್ಕೆ ಮದ್ದು ಇಲ್ಲವೆಂದಲ್ಲ. ಸುಣ್ಣದ ಹಾಲು ಬೆರೆಸುವ ಪ್ಲಾಂಟ್ ಹಾಕಬಹುದು, ಅದು ದಿನಾ ನಡೆಯಬೇಕು, ದಿನಾ ಕೆಸರು ಎತ್ತಬೇಕು. ಸಗಣಿ ಗೊಬ್ಬರ ತುಂಬಿದ ಜೌಗು ತೊಟ್ಟಿಯಲ್ಲಿ ಗಾಳಿ ಇಲ್ಲದಂತೆ ನೀರು ಹಾಯಿಸಿದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಸಲ್ಫೇಟನ್ನು ವಾಪಸ್ ಸಲ್ಫೈಡ್ ಮಾಡಿ ಲೋಹ ಹಿಡಿದಿಡುತ್ತವೆ. ನಮಗೆ ಬಹಳ ಇಷ್ಟವಾದ ಉಪಾಯ ಇದು, ಸಣ್ಣ ಹಳ್ಳಕ್ಕೆ ಮಾತ್ರ. ಎಲ್ಲಕ್ಕಿಂತ ಅಗ್ಗದ್ದು, ಗಾಳಿಯನ್ನೇ ತಡೆಯುವುದು: ಗುಡ್ಡೆಗೆ ಜೇಡಿಮಣ್ಣು ಹೊದಿಸಿ, ಇಲ್ಲವೇ ನೀರಿನಡಿ ಮುಳುಗಿಸಿ. ಇದೆಲ್ಲ ಗಣಿ ನಡೆಯುತ್ತಿರುವಾಗ, ಅಂದರೆ ಯಂತ್ರ, ದುಡ್ಡು, ಜನ ಮೂರೂ ಸ್ಥಳದಲ್ಲಿರುವಾಗ ಮಾಡಬೇಕಾದ್ದು. ಮುಚ್ಚುವ ಯೋಜನೆ ಕೊಡದೆ ಗಣಿ ನಡೆಸುವಂತಿಲ್ಲ ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೆಜಿಎಫ್ ಬಾಗಿಲು ಹಾಕಿದ್ದು 2001ರಲ್ಲಿ.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಕೆಜಿಎಫ್‌ನ 13 ಗುಡ್ಡಗಳನ್ನು, ಸುಮಾರು ಸಾವಿರ ಎಕರೆಯಷ್ಟು, ಮತ್ತೆ ಕೆದಕಿ ಉಳಿದ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿದೆ. ಕೆಲಸ ಸಿಗುತ್ತೆ, ಆ ಊರಿಗೆ ಅದು ಬೇಕು. ಆದರೆ ಕೆದಕುವುದು ಅಂದ್ರೆ ಇಷ್ಟು ವರ್ಷ ಒಳಗೆ ಗಾಳಿ ಕಾಣದೆ ಕೂತ ಪುಡಿಯನ್ನು ಗಾಳಿಗೆ ಒಡ್ಡುವುದು. ಒಂದು ಟನ್‌ಗೆ ಎಷ್ಟು ಚಿನ್ನ ಅಂತ ಲೆಕ್ಕ ಹಾಕುವ ಅದೇ ಹಾಳೆಯಲ್ಲಿ ಒಂದು ಟನ್‌ಗೆ ಎಷ್ಟು ಗಂಧಕ, ಎಷ್ಟು ಸುಣ್ಣಕಲ್ಲು ಅನ್ನುವ ಎರಡು ಕಾಲಂ ಇರಬೇಕು. ಆ ಹಾಳೆ ತುಂಬುವ ಕೆಲಸಕ್ಕೆ ನಮ್ಮ ಬ್ಯಾಚಿನವರೇ ಯಾರಾದರೂ ಸೇರಬಹುದು.

ಕಳೆದ ವಾರ ಗೆಳೆಯ ಊರಿಗೆ ಹೋದಾಗ ಪಿಎಚ್ ಸ್ಟ್ರಿಪ್ ಕೊಟ್ಟು ಕಳಿಸಿದ್ವಿ. ಮನೆಯ ಬೋರ್ ನೀರು 8ರ ಹತ್ತಿರ ತೋರಿಸಿತು. ಹುಳಿ ಇಲ್ಲ. ಅವರಮ್ಮ ನಕ್ಕರಂತೆ: “ನೀರು ಹುಳಿ ಇಲ್ಲ ಅಂತ ಹೇಳಕ್ಕೆ ಇಷ್ಟು ಫೀಸು ಕಟ್ಟಿ ಓದ್ಬೇಕಾ ಮಗ? ಆ ನೀರಲ್ಲಿ ಬೇಳೆ ಬೇಯಲ್ಲ, ಅದಕ್ಕೇನಾದ್ರೂ ಮಾಡು.” ಗಡಸು ನೀರು, ಮೆಗ್ನೀಸಿಯಮ್ ಇರಬೇಕು. ಕ್ರೋಮಿಯಮ್ ಸ್ಟ್ರಿಪ್‌ನಲ್ಲಿ ಗೊತ್ತಾಗಲ್ಲ, ಪ್ರಯೋಗಾಲಯಕ್ಕೇ ಕಳಿಸಬೇಕು. ಅದಕ್ಕೆ ಎರಡು ಬಾಟಲಿ ತೊಳೆದು ಇಟ್ಟಿದ್ದೇವೆ, ಅನ್ನಭೇದಿ ಹಾಕಿದ್ದ ಬಾಟಲಿಗಳಲ್ಲ.